ಭಯಕ್ಕೂ ಬೆರಗಿಗೂ ಒಂದೇ ಜಾಹೀರಾತು

ಹಿಡಿಯೊಳಗೆ ಒತ್ತಿ ತುಂಬಿದ ಅನಿಲ, ಹಿಡಿಯ ಮೇಲೊಂದು ಗುಂಡಿ, ಅಲಗಿನೊಳಗೆ ತುದಿಯವರೆಗೆ ಕೊರೆದ ಸಣ್ಣ ಕೊಳವೆ. ಚುಚ್ಚಿ ಗುಂಡಿ ಒತ್ತಿದರೆ ಅನಿಲವೆಲ್ಲ ಗಾಯದೊಳಕ್ಕೆ ನುಗ್ಗುತ್ತದೆ. ಅಮೆರಿಕದ ಕಂಪನಿಯೊಂದು 2000ರ ದಶಕದ ಕೊನೆಯ ವರ್ಷಗಳಲ್ಲಿ 'ವಾಸ್ಪ್' ಎಂಬ ಹೆಸರಿಟ್ಟು ಮಾರಿದ ಚಾಕು ಇದು. ಕಡಲಲ್ಲಿ ಶಾರ್ಕ್ ಎದುರಾಗುವ ಮುಳುಗುಗಾರರಿಗೆ, ಕಾಡಿನಲ್ಲಿ ಕರಡಿ ಎದುರಾಗುವ ಬೇಟೆಗಾರರಿಗೆ ಆತ್ಮರಕ್ಷಣೆಯ ಸಾಧನ ಎಂದು ಅದರ ಪ್ರಚಾರ. ಬ್ಯಾಸ್ಕೆಟ್‌ಬಾಲ್ ಗಾತ್ರದ ಹೆಪ್ಪುಗಟ್ಟಿಸುವ ಅನಿಲದ ಉಂಡೆಯನ್ನು ಚದರ ಇಂಚಿಗೆ 850 ಪೌಂಡ್ ಒತ್ತಡದಲ್ಲಿ ಕ್ಷಣಮಾತ್ರದಲ್ಲಿ ಒಳಗೆ ಬಿಡುತ್ತದೆ ಎಂಬುದು ತಯಾರಕರ ಹೇಳಿಕೆ. ಅದಕ್ಕೆ ಜೊತೆಯಾಗಿ ಕಲ್ಲಂಗಡಿ ಹಣ್ಣೊಂದನ್ನು ಇರಿದು ಚೂರುಚೂರಾಗಿ ಸಿಡಿಸುವ ವಿಡಿಯೊ ಹರಿದಾಡಿತು. ಇರಿತಕ್ಕೆ ಹದಿಹರೆಯದ ಹುಡುಗರು ಬಲಿಯಾಗುವ ಸುದ್ದಿ ಮೇಲಿಂದ ಮೇಲೆ ಬರುತ್ತಿದ್ದ 2008ರ ಬ್ರಿಟನ್ನಿನಲ್ಲಿ ಪತ್ರಿಕೆಗಳು ಇದನ್ನು ದೇಶದ ಬಾಗಿಲಿಗೆ ಬಂದ ಮಾರಿಯೆಂದೇ ಬಣ್ಣಿಸಿದವು. ಅತ್ತ ಅಮೆರಿಕದ ಯಂತ್ರಪ್ರಿಯರ ವಲಯದಲ್ಲಿ ಅದೇ ವಿಡಿಯೊ ನೋಡಿ ಚಪ್ಪಾಳೆ. ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಬೆರಗು. ವಿರುದ್ಧ ದಿಕ್ಕಿಗೆ ಮುಖ ಮಾಡಿದಂತೆ ಕಾಣುವ ಈ ಎರಡು ಗುಂಪುಗಳೂ ಒಂದು ವಿಷಯದಲ್ಲಿ ಒಂದಾಗಿದ್ದವು: ಮಾರುವವನು ಹೇಳಿದ್ದನ್ನು ಎರಡೂ ಅಕ್ಷರಶಃ ನಂಬಿದ್ದವು. ಹೊಸ ಆಯುಧವೊಂದು ಕಾಣಿಸಿಕೊಂಡಾಗಲೆಲ್ಲ ನಾವು ಆಯುಧಕ್ಕಿಂತ ಹೆಚ್ಚಾಗಿ ಅದರ ಜಾಹೀರಾತಿಗೆ ಪ್ರತಿಕ್ರಿಯಿಸುತ್ತೇವೆ. 'ಆತ್ಮರಕ್ಷಣೆ' ಎಂಬ ಅದರ ಮುಖ್ಯ ಹೇಳಿಕೆಯನ್ನು ಮಾತ್ರ ಯಾರೂ ಒರೆಗೆ ಹಚ್ಚುವುದಿಲ್ಲ.

ಹೇಳಿಕೆಗಳನ್ನು ಲೆಕ್ಕಕ್ಕೆ ಹಾಕುವುದು ಕಷ್ಟವೇನಲ್ಲ, ಪಿಯುಸಿ ಭೌತಶಾಸ್ತ್ರ ಸಾಕು. ಬ್ಯಾಸ್ಕೆಟ್‌ಬಾಲ್ ಒಂದರ ಗಾತ್ರ ಸುಮಾರು 7 ಲೀಟರ್. ಅಷ್ಟು ಜಾಗ ತುಂಬುವ ಇಂಗಾಲದ ಡೈಆಕ್ಸೈಡ್ ತೂಗುವುದು ಸುಮಾರು 13 ಗ್ರಾಂ. ಗಾಳಿಪಿಸ್ತೂಲಿಗೆ ಹಾಕುವ, ಸೈಕಲ್ ಟೈರಿಗೆ ಗಾಳಿ ತುಂಬಲು ಬಳಸುವ ಬೆರಳುದ್ದದ ಉಕ್ಕಿನ ಬುರುಡೆಯಲ್ಲಿ 12 ಗ್ರಾಂ ಅನಿಲವಿರುತ್ತದೆ, ಅಂದರೆ ಹೆಚ್ಚುಕಡಿಮೆ ಅಷ್ಟೇ. 850 ಪೌಂಡ್ ಎಂಬ ಭಯಂಕರ ಅಂಕಿಯೂ ಯಾರೋ ಹೊಸದಾಗಿ ಸಾಧಿಸಿದ್ದಲ್ಲ. ಕೋಣೆಯ ಉಷ್ಣತೆಯಲ್ಲಿ ದ್ರವರೂಪದ ಇಂಗಾಲದ ಡೈಆಕ್ಸೈಡನ್ನು ಯಾವ ಡಬ್ಬಿಯಲ್ಲಿಟ್ಟರೂ ಒಳಗಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸೋಡಾ ಅಂಗಡಿಯ ಸಿಲಿಂಡರಿನಲ್ಲೂ. ಇನ್ನು ಸುತ್ತಲಿನ ಅಂಗಾಂಶವನ್ನೆಲ್ಲ ಹೆಪ್ಪುಗಟ್ಟಿಸುವ ಮಾತು. ಅಷ್ಟು ದ್ರವ ಆವಿಯಾಗಿ ಹಿಗ್ಗುವಾಗ ಹೀರುವ ಶಾಖ ಎರಡರಿಂದ ಮೂರೂವರೆ ಕಿಲೊಜೌಲ್. ದೇಹದ ಉಷ್ಣತೆಯಲ್ಲಿರುವ ಒಂದು ಗ್ರಾಂ ನೀರನ್ನು ಮಂಜುಗಡ್ಡೆ ಮಾಡಲು ಸುಮಾರು 490 ಜೌಲ್ ತೆಗೆಯಬೇಕು. ಭಾಗಿಸಿ ನೋಡಿದರೆ ಉಳಿಯುವುದು 4ರಿಂದ 7 ಗ್ರಾಂ, ಉದಾರವಾಗಿ ಹೇಳಿದರೂ ಒಂದೆರಡು ಚಮಚ ನೀರು. ಅದೂ ಒಂದಿಷ್ಟೂ ಶಾಖ ಪೋಲಾಗದಿದ್ದರೆ. ಕಲ್ಲಂಗಡಿ ಸಿಡಿಯುವುದೇನೋ ನಿಜ. ಗಟ್ಟಿ ಸಿಪ್ಪೆಯೊಳಗೆ ನೀರು ತುಂಬಿದ, ಹಿಗ್ಗಲು ಬಾರದ ಹಣ್ಣದು, ಒಳಗೆ 7 ಲೀಟರ್ ಅನಿಲ ಬಿಟ್ಟರೆ ಬಿರಿಯದೆ ಇನ್ನೇನು ಮಾಡೀತು? ಮನುಷ್ಯನ ಚರ್ಮ ಮತ್ತು ಸ್ನಾಯು ಹಾಗೆ ಕಟ್ಟಿದ್ದಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಈ ಚಾಕು ನಿರುಪದ್ರವಿ ಎಂದಾಗುವುದಿಲ್ಲ. ರಕ್ತನಾಳಕ್ಕೆ ಅನಿಲ ನುಗ್ಗಿದರೆ ಸಾವು ಬರಬಹುದು. ಈ ತತ್ವವನ್ನೇ ಆಧರಿಸಿ ಅಮೆರಿಕದ ನೌಕಾಪಡೆಯ ಸಂಶೋಧಕರು 1970ರ ದಶಕದಲ್ಲೇ ಶಾರ್ಕ್ ವಿರುದ್ಧ ಅನಿಲದ ಈಟಿಯನ್ನು ರೂಪಿಸಿದ್ದರು. ಚುಚ್ಚಿದ ಶಾರ್ಕ್ ಒಳಗಿನ ಅನಿಲದಿಂದಾಗಿ ಮತ್ತೆ ಆಳಕ್ಕಿಳಿಯಲಾಗದೆ ಮೇಲಕ್ಕೆ ತೇಲುತ್ತಿತ್ತು. 1973ರ ಜೇಮ್ಸ್ ಬಾಂಡ್ ಚಿತ್ರ 'ಲಿವ್ ಅಂಡ್ ಲೆಟ್ ಡೈ'ಯಲ್ಲಿ ಖಳನಾಯಕ ಬಲೂನಿನಂತೆ ಉಬ್ಬಿ ಒಡೆಯುವುದು ಇಂಥದೇ ಅನಿಲದ ಗುಳಿಗೆ ನುಂಗಿ. ಅಂದರೆ 2008ರಲ್ಲಿ ಜನ ಕಂಡದ್ದು ಮೂವತ್ತು ವರ್ಷ ಹಳೆಯ ಕಲ್ಪನೆಯ ಹೊಸ ಹೊದಿಕೆ. ಮುಖ್ಯ ಮಾತು ಬೇರೆಯೇ ಇದೆ. ಈ ಅನಿಲ ಕೆಲಸ ಮಾಡಬೇಕಾದರೆ ಮೊದಲು ಅಲಗು ದೇಹದೊಳಗೆ ಆಳವಾಗಿ ಇಳಿದಿರಬೇಕು. ಹೊಟ್ಟೆಗೋ ಎದೆಗೋ ಅಷ್ಟು ಆಳಕ್ಕೆ ಇಳಿದ ಅಲಗು, ಅದರ ಹಿಡಿಯಲ್ಲಿ ಏನೂ ಇಲ್ಲದಿದ್ದರೂ, ಕೊಲ್ಲಬಲ್ಲದು. ಕೊಲ್ಲುವ ಗಾಯಕ್ಕೆ ಕೊಲ್ಲುವ ಅನಿಲ ಸೇರಿಸಿದ್ದೇ ಇದರ ಹೊಸತನ. ಈ ಸರಳ ಸಂಗತಿ ಹೆದರಿದವರ ಲೇಖನಗಳಲ್ಲೂ ಇರಲಿಲ್ಲ, ಮೆಚ್ಚಿದವರ ಮಾತಿನಲ್ಲೂ ಇರಲಿಲ್ಲ.

ಚಾಕುವೊಂದಕ್ಕೆ ಹೆಸರು ಬಂದು, ಆ ಹೆಸರಿಗೆ ಸಮಾಜ ಬೆಚ್ಚುವುದು ಇಂದು ನಿನ್ನೆಯದಲ್ಲ. 1827ರಲ್ಲಿ ಮಿಸಿಸಿಪ್ಪಿ ನದಿಯ ಮರಳುದಿಬ್ಬದ ಮೇಲೆ ನಡೆದ ದ್ವಂದ್ವಯುದ್ಧವೊಂದು ಗುಂಪು ಹೊಡೆದಾಟವಾಗಿ ತಿರುಗಿತು. ಗುಂಡೇಟು, ಇರಿತ ಎರಡನ್ನೂ ತಿಂದ ಜಿಮ್ ಬೋವಿ ತನ್ನ ದೊಡ್ಡ ಚಾಕುವಿನಿಂದ ಎದುರಾಳಿಯನ್ನು ಕೊಂದ. ಪತ್ರಿಕೆಗಳು ಆ ಕಥೆಯನ್ನು ದೇಶದುದ್ದಕ್ಕೂ ಒಯ್ದವು. ಹತ್ತೇ ವರ್ಷದಲ್ಲಿ ಅಲಬಾಮ ರಾಜ್ಯ ಬೋವಿ ಚಾಕುವಿನ ಮಾರಾಟದ ಮೇಲೆ 100 ಡಾಲರ್ ತೆರಿಗೆ ಹೇರಿತು. ಅಂದಿನ ಕಾಲಕ್ಕೆ ಅದು ತೆರಿಗೆಯ ವೇಷದ ನಿಷೇಧವೇ. ಮರುವರ್ಷ ಟೆನೆಸಿ ರಾಜ್ಯ ಮಾರಾಟವನ್ನೇ ನಿಷೇಧಿಸಿತು. ವಿಚಿತ್ರವೆಂದರೆ ಬೋವಿ ಚಾಕು ಎಂದರೆ ನಿಖರವಾಗಿ ಯಾವುದು ಎಂದು ಹೇಳುವುದು ಅಂದೂ ಕಷ್ಟವಿತ್ತು, ಇಂದೂ ಕಷ್ಟ. ಚಾಕುಗಳ ಊರಾದ ಇಂಗ್ಲೆಂಡಿನ ಶೆಫೀಲ್ಡ್ ಮಾತ್ರ ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅಮೆರಿಕದವರ ಆಸೆ ಅರಿತ ಅಲ್ಲಿನ ತಯಾರಕರು ಅಲಗಿನ ಮೇಲೆ 'ಸ್ವರಕ್ಷಕ' ಎಂಬರ್ಥದ ವೀರವಾಕ್ಯಗಳನ್ನು ಕೆತ್ತಿ ಹಡಗುಗಟ್ಟಲೆ ಕಳಿಸಿದರು. ಉಕ್ಕು ಅದೇ, ಉದ್ದವೂ ಹೆಚ್ಚುಕಡಿಮೆ ಅದೇ, ಮೇಲಿನ ಬರಹಕ್ಕೆ ಬೆಲೆ. ಕೊಂದ ಚಾಕು ಎಂಬ ಕುಖ್ಯಾತಿ ಕಾಯುವ ಚಾಕು ಎಂಬ ಖ್ಯಾತಿಯಾಗಿ ಮಾರಾಟವಾಯಿತು.

ಇಪ್ಪತ್ತನೇ ಶತಮಾನದ ನಡುವೆ ಅದೇ ನಾಟಕ ಗುಂಡಿ ಒತ್ತಿದರೆ ಛಕ್ಕೆಂದು ತೆರೆದುಕೊಳ್ಳುವ ಚಾಕುವಿನ ಮೇಲೆ ನಡೆಯಿತು. ಎರಡನೇ ಮಹಾಯುದ್ಧ ಮುಗಿಸಿ ಇಟಲಿಯಿಂದ ಮರಳಿದ ಸೈನಿಕರು ನೆನಪಿನ ಕಾಣಿಕೆಯಾಗಿ ತಂದ ಈ ಚಾಕುಗಳನ್ನು 1950ರಲ್ಲಿ ಅಮೆರಿಕದ ಮಹಿಳಾ ಮಾಸಪತ್ರಿಕೆಯೊಂದು ಕೊಲ್ಲುವ ಆಟಿಕೆ ಎಂದು ಕರೆಯಿತು. ಆಮೇಲೆ ಹಾಲಿವುಡ್ ಅದನ್ನು ಕೈಗೆತ್ತಿಕೊಂಡಿತು, 'ರೆಬೆಲ್ ವಿದೌಟ್ ಎ ಕಾಸ್', '12 ಆ್ಯಂಗ್ರಿ ಮೆನ್' ಎರಡರಲ್ಲೂ ಈ ಚಾಕುವಿಗೊಂದು ಪಾತ್ರವಿದೆ. 1958ರಲ್ಲಿ ಅಮೆರಿಕದ ಸಂಸತ್ತು ಅಂತರರಾಜ್ಯ ಮಾರಾಟಕ್ಕೆ ಕಡಿವಾಣ ಹಾಕಿತು. ಒಂದೇ ತೋಳಿನವರು 3 ಇಂಚಿನವರೆಗಿನ ಅಲಗಿನದನ್ನು ಇಟ್ಟುಕೊಳ್ಳಬಹುದು ಎಂಬ ವಿನಾಯಿತಿ ಆ ಕಾಯ್ದೆಯಲ್ಲಿದೆ. ಒಂದೇ ಕೈಯಲ್ಲಿ ತೆರೆಯಬಹುದಾದ ಚಾಕುವಿನ ಅಸಲಿ ಉಪಯೋಗ ಏನೆಂದು ಕಾನೂನು ಬರೆದವರಿಗೆ ಚೆನ್ನಾಗಿಯೇ ಗೊತ್ತಿತ್ತು. ಮರುವರ್ಷ ಬ್ರಿಟನ್ ಕೂಡ ನಿಷೇಧ ತಂದಿತು. ನಮ್ಮಲ್ಲಿ 1980ರಲ್ಲಿ ದೆಹಲಿ ಆಡಳಿತ ಬಟನ್ ಚಾಕು, ಹಲ್ಲುಚಕ್ರದ ಗರಾರಿ ಚಾಕುಗಳ ಅಲಗಿಗೆ 7.62 ಸೆಂಟಿಮೀಟರಿನ ಮಿತಿ ಹಾಕಿತು, ಅದೂ ಸರಿಯಾಗಿ 3 ಇಂಚೇ. ಹಿಂದಿ ಸಿನಿಮಾದ ಖಳರ ಕೈಯಲ್ಲಿ ದಶಕಗಳ ಕಾಲ ಹೊಳೆದ ರಾಮ್‌ಪುರಿ ಚಾಕು ಇದೇ ವಂಶದ್ದು. ಉತ್ತರ ಪ್ರದೇಶ ಸರ್ಕಾರ ಅದರ ಉದ್ದಕ್ಕೆ ಕತ್ತರಿ ಹಾಕಿದ ಮೇಲೆ ಕುಶಲಕರ್ಮಿಗಳ ಕಸುಬು ಸೊರಗಿತು. 2023ರಲ್ಲಿ ರಾಮ್‌ಪುರದ ವೃತ್ತವೊಂದರಲ್ಲಿ ಸುಮಾರು 20 ಅಡಿಯ ಚಾಕುವಿನ ಪ್ರತಿಮೆ ನಿಲ್ಲಿಸಿ ಊರಿನ ಹೆಮ್ಮೆ ಎಂದು ಉದ್ಘಾಟಿಸಿದರು! ಒಂದು ತಲೆಮಾರು ಬೆಚ್ಚಿದ ವಸ್ತುವಿನ ಮುಂದೆ ಮುಂದಿನ ತಲೆಮಾರು ನಿಂತು ಸೆಲ್ಫಿ ತೆಗೆದುಕೊಳ್ಳುತ್ತದೆ. ಭಯ ವಸ್ತುವಿನಲ್ಲಿದ್ದಿದ್ದರೆ ಇದು ಸಾಧ್ಯವಿರಲಿಲ್ಲ.

ರೂಪದ ಬೆನ್ನು ಹತ್ತಿದ ಕಾನೂನು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬ್ರಿಟನ್ನಿನ 'ಝಾಂಬಿ ಚಾಕು'ಗಳಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಹೆಣಗಳೆದ್ದು ಬರುವ ಸಿನಿಮಾಗಳ ಸೊಗಸಿಗೆ ಹೊಂದುವಂತೆ ಗರಗಸದ ಹಲ್ಲು, ಹಸಿರು-ಕೆಂಪು ಹಿಡಿ ಹಾಕಿ ಮಾರಿದ ದೊಡ್ಡ ಕತ್ತಿಗಳಿವು. 2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇವುಗಳ ಮಾರಾಟ ನಿಷೇಧವಾಯಿತು. ನಿಷೇಧಿತ ಚಾಕು ಯಾವುದೆಂದು ಗುರುತಿಸಲು ಕಾನೂನು ಮೂರು ಲಕ್ಷಣ ಹೇಳಿತು: ಹರಿತವಾದ ಅಂಚು, ಗರಗಸದಂಥ ಅಂಚು, ಮತ್ತು ಹಿಂಸೆಗೆ ಬಳಸಲು ಸೂಚಿಸುವ ಚಿತ್ರ ಅಥವಾ ಬರಹ. ತಯಾರಕರು ಬರಹವನ್ನು ಅಳಿಸಿ ಅದೇ ಕತ್ತಿಯನ್ನು ಮತ್ತೆ ಮಾರಿದರು. ಶೆಫೀಲ್ಡಿನವರು ಬರೆದು ಗಳಿಸಿದ್ದರು, ಇವರು ಅಳಿಸಿ ಗಳಿಸಿದರು. ಈ ಕಂಡಿ ಮುಚ್ಚಲು ಎಂಟು ವರ್ಷ ಬೇಕಾಯಿತು. 2024ರ ಸೆಪ್ಟೆಂಬರ್ 24ರಿಂದ 8 ಇಂಚಿಗಿಂತ ಉದ್ದದ, ಮೊನಚು ತುದಿಯ, ಹಲ್ಲು, ತೂತು, ಮುಳ್ಳುಗಳಂಥ ಲಕ್ಷಣವುಳ್ಳ ಕತ್ತಿಗಳು ಮನೆಯೊಳಗಿದ್ದರೂ ಅಪರಾಧ. 2025ರ ಆಗಸ್ಟ್‌ನಲ್ಲಿ ನಿಂಜಾ ಖಡ್ಗಗಳ ಸರದಿ ಬಂತು. ಇಷ್ಟೆಲ್ಲ ನಡೆಯುವಾಗ ಕೊಲೆಗಳ ಅಂಕಿ-ಅಂಶ ಬೇರೆ ಕಥೆ ಹೇಳುತ್ತಿತ್ತು. 2023ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹರಿತವಾದ ಆಯುಧಗಳಿಂದ ಸತ್ತವರು 244 ಮಂದಿ. ಇದರಲ್ಲಿ 101 ಜನರನ್ನು ಕೊಂದದ್ದು ಅಡುಗೆಮನೆಯ ಚಾಕು. ಝಾಂಬಿ ಕತ್ತಿ, ಮಚ್ಚುಗಳ ಪಾಲು ಅದರ ಹತ್ತಿರಕ್ಕೂ ಬರಲಿಲ್ಲ. ಅನಿಲದ ಚಾಕುವಿಗಂತೂ ಆ ಪಟ್ಟಿಯಲ್ಲಿ ಪ್ರತ್ಯೇಕ ಸಾಲೇ ಇಲ್ಲ. ಈರುಳ್ಳಿ ಹೆಚ್ಚುವ ಚಾಕುವಿಗೆ ಜಾಹೀರಾತಿನ ವೀರವಾಕ್ಯವಿಲ್ಲ, ಆದ್ದರಿಂದ ಅದು ತಲೆಬರಹವನ್ನೂ ಪಡೆಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಅಂಕಿ-ಅಂಶದಲ್ಲಿ ಇಲ್ಲ ಎಂದು ಸುಮ್ಮನಿರಬೇಕೇ? ಮೊದಲ ಹೆಣ ಬೀಳುವವರೆಗೆ ಕಾಯುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಲ್ಲವೇ? ಹೌದು. ಬೇಟೆಯಲ್ಲೂ ಕಡಲಲ್ಲೂ ಕೆಲವೇ ಮಂದಿಗೆ ಬೇಕಾಗುವ, ಪೇಟೆಯ ಬೀದಿಯಲ್ಲಿ ಯಾರಿಗೂ ಬೇಡದ ವಸ್ತುವನ್ನು ನಿಷೇಧಿಸಿದರೆ ಸಮಾಜಕ್ಕೆ ನಷ್ಟವಿಲ್ಲ. ಝಾಂಬಿ ಕತ್ತಿಯ ನಿಷೇಧವನ್ನು ಹಿಂತೆಗೆಯಬೇಕೆಂದು ನಾನೂ ವಾದಿಸಲಾರೆ. ಹದಿನಾರರ ಹುಡುಗ ಅದನ್ನು ಕೊಳ್ಳುವುದೇ ಅದು ಭಯಂಕರವಾಗಿ ಕಾಣುತ್ತದೆಂಬ ಕಾರಣಕ್ಕೆ. ಹೀಗಿರುವಾಗ ಆ ನೋಟವೇ ಅಪಾಯದ ಭಾಗ ಎಂಬ ವಾದದಲ್ಲಿ ಹುರುಳಿದೆ. ನನ್ನ ತಕರಾರು ನಿಷೇಧದ ಮೇಲಲ್ಲ, ನಿಷೇಧಿಸಿದ ಸಂಜೆ ಸಚಿವರು, ಪೊಲೀಸರು, ಪತ್ರಿಕೆಗಳು ಎಲ್ಲರೂ ಸೇರಿ ಬಿಡುವ ನೆಮ್ಮದಿಯ ನಿಟ್ಟುಸಿರಿನ ಮೇಲೆ. ಜೊತೆಗೆ ಪ್ರತಿ ಎಚ್ಚರಿಕೆಯೂ ಮಾರಾಟಗಾರನಿಗೆ ಪುಕ್ಕಟೆ ಪ್ರಚಾರ. 'ಇದು ಇದುವರೆಗಿನ ಅತ್ಯಂತ ಅಪಾಯಕಾರಿ ಚಾಕು' ಎಂದು ಪತ್ರಿಕೆ ಬರೆದರೆ, ಓದುಗರಲ್ಲಿ ಬಹುಪಾಲು ಜನ ಹೆದರುತ್ತಾರೆ, ಒಂದಿಬ್ಬರು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ಆ ಒಂದಿಬ್ಬರಿಗಾಗಿಯೇ ಜಾಹೀರಾತು ಬರೆದದ್ದು.

'ಚಾಕು ಬರೀ ಉಪಕರಣ, ತಪ್ಪು ಕೈಯದು' ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಹೊತ್ತು ವ್ಯಯಿಸಬೇಕಿಲ್ಲ. ಅರ್ಧ ನಿಜ ಅದು. ಕೊಡಗಿನ ಮದುವೆಯಲ್ಲಿ ಸೊಂಟಕ್ಕೆ ಸುತ್ತಿದ ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿ ಕಂಡು ಯಾರೂ ಪೊಲೀಸರನ್ನು ಕರೆಯುವುದಿಲ್ಲ, ಬಾಳೆ ಕಡಿಯಲು ಒಡಿಕತ್ತಿ ಎತ್ತಿದಾಗ ಮಕ್ಕಳು ಓಡುವುದಿಲ್ಲ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನವೇ ಮನ್ನಣೆ ಕೊಟ್ಟಿದೆ. ಯಾವಾಗ ತೆಗೆಯಬೇಕು, ಯಾವಾಗ ತೆಗೆಯಕೂಡದು ಎಂಬ ಕಟ್ಟುಪಾಡು ಆ ಕತ್ತಿಗಳ ಜೊತೆಯಲ್ಲೇ ಬಂದಿದೆ, ಅದನ್ನು ಕಾಯುವ ಹಿರಿಯರೂ ಇದ್ದಾರೆ. ಕೊರಿಯರ್‌ನಲ್ಲಿ ಬರುವ ಚಾಕುವಿನ ಜೊತೆ ಬರುವುದು ರಶೀದಿ ಮಾತ್ರ. ಹಾಗೆಯೇ, ಉಪಕರಣವೆಂದರೆ ಅದಕ್ಕೊಂದು ಕೆಲಸ ಇರಬೇಕಲ್ಲ? ಒಳಕ್ಕೆ ಅನಿಲ ಬಿಡುವ ಗುಂಡಿಗೆ ಸೊಪ್ಪು ಹೆಚ್ಚುವಾಗ, ಹಗ್ಗ ಕತ್ತರಿಸುವಾಗ ಕೆಲಸವಿಲ್ಲ.

ಈಗ ಯಾರೂ ಮುಟ್ಟದ ಪ್ರಶ್ನೆಗೆ ಬರೋಣ: ಇದು ಕಾಯುತ್ತದೆಯೇ? ಆತ್ಮರಕ್ಷಣೆಯ ಸಾಧನಕ್ಕೆ ಎರಡು ಗುಣಗಳಲ್ಲಿ ಒಂದಾದರೂ ಬೇಕು. ಆಕ್ರಮಣಕಾರನನ್ನು ದೂರ ಇಡಬೇಕು, ಇಲ್ಲವೇ ಹತ್ತಿರ ಬಂದವನನ್ನು ತಕ್ಷಣ ನಿಲ್ಲಿಸಬೇಕು. ಚಾಕು ದೂರ ಇಡುವುದಿಲ್ಲ, ತೋಳಿನಳತೆಯಲ್ಲೇ ಅದರ ಕೆಲಸ. ಹಾಗೆ ಹತ್ತಿರವಾದಾಗ ಯಾರ ತೋಳಿಗೆ ಬಲ ಹೆಚ್ಚೋ ಚಾಕು ಅವರದಾಗುವ ಸಂಭವವೇ ಜಾಸ್ತಿ. ಹೊತ್ತಿನ ಲೆಕ್ಕವನ್ನೂ ನೋಡಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ 1983ರಲ್ಲಿ ಬರೆದ ಲೇಖನ ಇಂದಿಗೂ ಪೊಲೀಸ್ ಶಾಲೆಗಳಲ್ಲಿ ಚರ್ಚೆಯಾಗುತ್ತದೆ. ಸಾಮಾನ್ಯ ಮನುಷ್ಯನೊಬ್ಬ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ ಎಂದು ಅವರು ತೋರಿಸಿದರು. ಸೊಂಟದಲ್ಲಿ ಪಿಸ್ತೂಲಿರುವ ತರಬೇತಾದ ಪೊಲೀಸನಿಗೇ ಆ ಅವಧಿ ಅಂಚಿನದು. ಹಾಗಿರುವಾಗ ವ್ಯಾನಿಟಿ ಬ್ಯಾಗಿನ ಜಿಪ್ ತೆಗೆದು, ಕೀಲಿ, ಕನ್ನಡಿ, ಚಾರ್ಜರ್‌ಗಳ ನಡುವೆ ತಡಕಿ, ಒರೆಯಿಂದ ಎಳೆದು ಹಿಡಿಯುವಷ್ಟು ಸಮಯ ಯಾರಿಗೆ ಸಿಗುತ್ತದೆ? ತಕ್ಷಣ ನಿಲ್ಲಿಸುವುದರಲ್ಲೂ ಚಾಕು ಸೋಲುತ್ತದೆ. ಇರಿತಕ್ಕೆ ಒಳಗಾದವರು ಎಷ್ಟೋ ಸಲ ಏಟು ಬಿದ್ದದ್ದು ತಿಳಿಯದೆ ಕೆಲ ನಿಮಿಷ ಹೊಡೆದಾಡುತ್ತಲೇ ಇರುತ್ತಾರೆ, ರಕ್ತಸ್ರಾವ ಕೊಲ್ಲುವುದು ಆಮೇಲೆ. ಅನಿಲದ ಚಾಕುವಿನವರು ಸರಿಯಾಗಿ ಈ ಕೊರತೆಯನ್ನೇ ತುಂಬುತ್ತೇವೆಂದು ಹೇಳಿದರು, ಒಂದೇ ಇರಿತ, ತಕ್ಷಣ ಕೊನೆ ಎಂದು. ಆ ಹೇಳಿಕೆ ನಿಜವೆಂದೇ ಇಟ್ಟುಕೊಂಡರೆ ಸಮಸ್ಯೆ ಇನ್ನೂ ದೊಡ್ಡದಾಗುತ್ತದೆ.

ಏಕೆಂದರೆ ಕಾನೂನು ಆತ್ಮರಕ್ಷಣೆಯನ್ನು ಹಕ್ಕೆಂದು ಕೊಡುವಾಗಲೇ ಅಳತೆಗೋಲನ್ನೂ ಕೊಟ್ಟಿದೆ. ನಮ್ಮ ದಂಡ ಸಂಹಿತೆಯ 99ನೇ ಕಲಂ ಹೇಳುತ್ತಿದ್ದುದು, ಈಗಿನ ನ್ಯಾಯ ಸಂಹಿತೆಯ 37ನೇ ಕಲಂ ಹೇಳುವುದು ಒಂದೇ: ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಪ್ರಾಣಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಆ ಹಕ್ಕು ಎದುರಾಳಿಯ ಸಾವಿನವರೆಗೂ ಹೋಗುತ್ತದೆ. ಉಳಿದ ಸಂದರ್ಭಗಳಲ್ಲಿ ಹೋಗುವುದಿಲ್ಲ. ಪರ್ಸ್ ಕಸಿಯಲು ಬಂದವನ ಮೇಲೆ, ಪಾರ್ಕಿಂಗ್ ಜಗಳದಲ್ಲಿ ಕಾಲರ್ ಹಿಡಿದವನ ಮೇಲೆ ಸಾವೊಂದನ್ನೇ ಬಲ್ಲ ಆಯುಧ ಹಿಡಿಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಕೂಗು, ತಳ್ಳು, ಓಡು, ಖಾರ ಎರಚು ಎಂಬ ಮೆಟ್ಟಿಲುಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು. ಗುಂಡಿ ಒತ್ತಿದ ಮೇಲೆ ಮೆಟ್ಟಿಲುಗಳಿಲ್ಲ. ನ್ಯಾಯಾಲಯಗಳು ಇದನ್ನು ಎಷ್ಟು ಬಿಗಿಯಾಗಿ ನೋಡುತ್ತವೆ ಎಂಬುದಕ್ಕೆ ನಮ್ಮದೇ ಹೈಕೋರ್ಟಿನ ನಿದರ್ಶನವಿದೆ. 2024ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್, ಆಸ್ತಿಯ ಜಗಳವೊಂದರಲ್ಲಿ ಪೆಪ್ಪರ್ ಸ್ಪ್ರೇ ಬಳಸಿದವರ ಮೇಲಿನ ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು. ಪ್ರಾಣಕ್ಕೆ ಒದಗಿದ ಅಪಾಯ ಕಾಣದಿರುವಾಗ ಆತ್ಮರಕ್ಷಣೆಯ ಮಾತು ನಿಲ್ಲದು, ಪೆಪ್ಪರ್ ಸ್ಪ್ರೇಯೂ ಮೇಲ್ನೋಟಕ್ಕೆ ಅಪಾಯಕಾರಿ ಆಯುಧವೇ ಎಂದಿತು. ಈ ವಿಷಯದಲ್ಲಿ ಇಲ್ಲಿ ಕಾನೂನಿನ ಸ್ಪಷ್ಟ ಮಾತಿಲ್ಲದ್ದರಿಂದ ಅಮೆರಿಕದ ನ್ಯಾಯಾಲಯವೊಂದರ ತೀರ್ಪನ್ನು ಅದು ಆಧಾರವಾಗಿ ನೋಡಿತು. ಕಣ್ಣುರಿ ತರಿಸುವ ಡಬ್ಬಿಗೇ ಈ ಪರೀಕ್ಷೆಯಾದರೆ ಚಾಕುವಿಗೆ ಎಂಥದು ಕಾದಿದೆ ಎಂದು ಊಹಿಸಬಹುದು. ಬ್ರಿಟನ್ನಿನಲ್ಲಂತೂ 3 ಇಂಚಿಗಿಂತ ಉದ್ದದ ಮಡಚುವ ಚಾಕುವನ್ನು ಆತ್ಮರಕ್ಷಣೆಗೆಂದು ಜೇಬಿನಲ್ಲಿಟ್ಟುಕೊಂಡೆ ಎಂದು ಹೇಳುವುದೇ ತಪ್ಪೊಪ್ಪಿಗೆ. ಅಮೆರಿಕದ ಗಾಳಿ ಮಾತ್ರ ಬೇರೆ ಕಡೆಗೆ ಬೀಸುತ್ತಿದೆ. ಗುಂಡಿ ಚಾಕುವಿನ ಮೇಲಿದ್ದ 1957ರ ನಿಷೇಧವನ್ನು ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ತಳ್ಳಿಹಾಕಿ, ಶಸ್ತ್ರ ಹೊಂದುವ ಸಂವಿಧಾನದತ್ತ ಹಕ್ಕಿನೊಳಗೆ ಅದೂ ಬರುತ್ತದೆ ಎಂದಿತು. ಆದರೆ ಚಾಕು ಇಟ್ಟುಕೊಳ್ಳುವ ಹಕ್ಕು ಬೇರೆ, ಅದು ಕಾಯುತ್ತದೆ ಎಂಬ ಮಾತು ಬೇರೆ.

ಇದೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳ ಕಡೆಯಿಂದ ಬರುತ್ತದೆ. ಬೀದಿದೀಪವಿಲ್ಲದ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿ ನಡೆಯಬೇಕಾದವಳಿಗೆ ಅಳತೆ, ಅನುಪಾತ, ಅಂಕಿ-ಅಂಶದ ಪಾಠ ಹೇಳುವುದು ಸುಲಭ. ಅವಳ ಕೈಯಲ್ಲಿ ಏನಾದರೂ ಇದ್ದರೆ ಧೈರ್ಯ ಬರುತ್ತದಲ್ಲ, ಅದನ್ನೇಕೆ ಕಸಿಯುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದು. ಆ ಧೈರ್ಯದ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪ್ರಶ್ನೆಯನ್ನು ನಮ್ಮ ದೇಶ ಹೇಗೆ ಬಳಸಿಕೊಂಡಿತು ಎಂಬುದು ನೆನಪಿರಬೇಕು. 2012ರ ಡಿಸೆಂಬರ್ 16ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ಬೆನ್ನಿಗೆ, 2013ರ ಜನವರಿಯಲ್ಲಿ ಮುಂಬೈಯಲ್ಲಿ ಶಿವಸೇನೆ ಮಹಿಳೆಯರಿಗೆ ಚಾಕು ಹಂಚಿತು. ಒಂದು ವರ್ಷದ ನಂತರ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ಅರ್ಧ ಕಿಲೋ ತೂಕದ ರಿವಾಲ್ವರ್ ತಂದು, 1,22,360 ರೂಪಾಯಿ ಬೆಲೆ ಕಟ್ಟಿ, ಮಹಿಳೆಯರಿಗಾಗಿ ಎಂದಿತು. ರಾತ್ರಿ ಬಸ್ಸಿಗೆ ಕಾಯುವ ಎಷ್ಟು ಹೆಂಗಸರ ಬಳಿ ಆ ಹಣವಿತ್ತೋ! ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುವುದು, ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ ಎಂದು. ನೆಂಟ, ನೆರೆಯವ, ಗೆಳೆಯ, ಮಾಲೀಕ. ಕತ್ತಲಿನ ಅಪರಿಚಿತನಿಗಾಗಿ ಬ್ಯಾಗಿನಲ್ಲಿಟ್ಟ ಚಾಕು ಹಾಡಹಗಲಲ್ಲಿ ಚಹಾ ಕುಡಿಯುತ್ತ ಕೂತ ಪರಿಚಿತನ ಎದುರು ಬ್ಯಾಗಿನಲ್ಲೇ ಇರುತ್ತದೆ. ಮನೆಯೊಳಗೆ ಹೊಡೆತ ತಿನ್ನುವವಳ ಪಾಲಿಗೆ ಮನೆಯಲ್ಲಿ ಇನ್ನೊಂದು ಹರಿತವಾದ ಆಯುಧ ಇರುವುದೇ ಅಪಾಯ. ಚಾಕು ಹಂಚಿದವರು ದೀಪ, ಬಸ್ಸು, ಗಸ್ತು, ದೂರು ಕೊಟ್ಟರೆ ಬರೆದುಕೊಳ್ಳುವ ಠಾಣೆ ಇವುಗಳ ಹೊಣೆಯನ್ನು ಅವಳದೇ ಬ್ಯಾಗಿಗೆ ತುಂಬಿ ಕಳಿಸಿದರು.

ಅಪಾಯವನ್ನು ನಿಜವಾಗಿ ತಗ್ಗಿಸುವ ಚಾಕುವೂ ಮಾರುಕಟ್ಟೆಗೆ ಬಂದಿದೆ, ಅದಕ್ಕೆ ಸಿಕ್ಕ ಸ್ವಾಗತವನ್ನು ನೋಡಬೇಕು. ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯ ಮೂವರು ವೈದ್ಯರು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸಂಪಾದಕೀಯ ಬರೆದರು. ಇರಿತಕ್ಕೆ ಅನುಕೂಲವಾಗುವುದು ಉದ್ದನೆಯ ಮೊನಚು ತುದಿ, ಆ ತುದಿ ಅಡುಗೆಗೆ ಅಷ್ಟೇನೂ ಬೇಕಿಲ್ಲ ಎಂಬುದು ಅವರ ವಾದ. ಹತ್ತು ಮಂದಿ ಹೆಸರಾಂತ ಬಾಣಸಿಗರನ್ನು ಕೇಳಿದಾಗ ಅದು ಅನಿವಾರ್ಯ ಎಂದು ಒಬ್ಬರೂ ಹೇಳಲಿಲ್ಲ. ಕ್ಷಣದ ಕೋಪಕ್ಕೆ, ಕುಡಿತದ ಅಮಲಿಗೆ ಕೈಗೆ ಸಿಗುವುದು ಅಡುಗೆಮನೆಯ ಚಾಕುವೇ ಆದ್ದರಿಂದ ಅದರ ತುದಿ ಮೊಂಡಾದರೆ ಎಷ್ಟೋ ಇರಿತಗಳು ಆಳಕ್ಕೆ ಇಳಿಯುವುದಿಲ್ಲ. ಹೊಸ ವಿಚಾರವೂ ಅಲ್ಲ ಇದು, ಊಟದ ಮೇಜಿನ ಚಾಕುಗಳ ತುದಿ ಮೊಂಡಾಗಿರಬೇಕೆಂದು ಫ್ರಾನ್ಸಿನ ಹದಿನಾಲ್ಕನೇ ಲೂಯಿ 1669ರಲ್ಲೇ ಆಜ್ಞೆ ಹೊರಡಿಸಿದ್ದ. ಬ್ರಿಟನ್ನಿನ ವೈನರ್ಸ್ ಕಂಪನಿ 2020ರಲ್ಲಿ ಚೌಕ ತುದಿಯ ಅಡುಗೆ ಚಾಕುಗಳನ್ನು ಮಾರಲು ತಂದಿತು. ಕೌಟುಂಬಿಕ ಹಿಂಸೆ ನಡೆದ ಮನೆಗಳಿಗೆ ನಾಟಿಂಗ್‌ಹ್ಯಾಮ್‌ಶೈರ್ ಪೊಲೀಸರು ಅಂಥವನ್ನು ಕೊಟ್ಟು ನೋಡಿದರು. ನಟ ಇಡ್ರಿಸ್ ಎಲ್ಬಾ 2025ರ ಜನವರಿಯಲ್ಲಿ ಇದೇ ಸಲಹೆ ಕೊಟ್ಟರು. ಪ್ರತಿ ಸಲವೂ ಬಂದ ಉತ್ತರ ನಗೆ. ಇನ್ನು ಚಮಚಕ್ಕೂ ಲೈಸೆನ್ಸ್ ಕೇಳಿ ಎಂದು ಕುಹಕ. ಹೊಡೆಯುವವನನ್ನು ಬಂಧಿಸುವುದು ಬಿಟ್ಟು ಹೊಡೆತ ತಿಂದವಳ ಚಾಕು ಬದಲಿಸುತ್ತೀರಾ ಎಂಬ ಸಿಟ್ಟಿನ ಪ್ರಶ್ನೆಯೂ ಎದ್ದಿತು. ಅದೊಂದು ಮಾತ್ರ ಉತ್ತರ ಬೇಡುವ ಪ್ರಶ್ನೆ, ಮತ್ತು ಬಂಧನವೂ ಆಗಲಿ, ಅದು ಆಗುವವರೆಗಿನ ರಾತ್ರಿಗಳಿಗೆ ಮೊಂಡು ತುದಿಯೂ ಇರಲಿ ಎನ್ನುವುದೇ ಅದಕ್ಕೆ ಉತ್ತರ. ಮೊನಚಿಲ್ಲದ ಚಾಕುವಿಗೆ ಕಲ್ಲಂಗಡಿಯ ವಿಡಿಯೊ ಮಾಡಲು ಬರುವುದಿಲ್ಲ. ವೈನರ್ಸ್‌ನ ಚೌಕ ತುದಿಯ ಚಾಕು ಟೊಮೆಟೊ ಹೆಚ್ಚುತ್ತದೆ, ಬ್ರೆಡ್ ಕೊಯ್ಯುತ್ತದೆ, ವಾಸ್ಪ್‌ನ ಬೆಲೆಗೆ ಹೋಲಿಸಿದರೆ ಪುಡಿಗಾಸಿಗೆ ಸಿಗುತ್ತದೆ. ಪತ್ರಿಕೆಗಳು ಅದನ್ನು ಹಾಸ್ಯದ ಅಂಕಣಗಳಲ್ಲಿ ಹಾಕಿದವು.